ಹಿನ್ನೀರಿನ ದ್ವೀಪ ಮತ್ತು ನಾವು

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಮಳೆಗಾಲ ಬಂತೆಂದರೆ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ. ನಾವು ದಂಡೆಯಲ್ಲಿ ನಿಂತೇ ನೋಡಿ ಬರುತ್ತೇವೆ. ತುಂಬಿ ಹರಿಯುವ ಹೊಳೆ ನಮ್ಮನ್ನು ಅತ್ತ ಬಿಡುವುದಿಲ್ಲ. ಭದ್ರಾವತಿಗೆ ಹತ್ತಿರದ ಲಕ್ಕವಳ್ಳಿಯ ಹಕ್ಕಿಗಳಿಗೆ ಅಂಥ ಕಾವಲಿಲ್ಲ. ಬೇಸಿಗೆಯಲ್ಲಿ ಭದ್ರಾ ಜಲಾಶಯ ಇಳಿದಾಗ ಮೇಲೇಳುವ ದಿಬ್ಬಗಳ ಬರಿನೆಲದಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ದೋಣಿ ತೀರ ಹತ್ತಿರ ಬಂದರೆ ಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆ ಸುಡುಬಿಸಿಲಿಗೆ ಬೀಳುತ್ತದೆ.

ಮನುಷ್ಯರಿರುವ ದ್ವೀಪವೂ ನಮ್ಮ ಜಿಲ್ಲೆಯಲ್ಲಿದೆ. ಸಾಗರ ತಾಲ್ಲೂಕಿನ ತುಮರಿ, ಕರೂರು, ಬಾರಂಗಿಯ ಸೀಮೆ. ಭೂಗೋಳದ ಲೆಕ್ಕದಲ್ಲಿ ಅದು ದ್ವೀಪವೇ ಅಲ್ಲ. ಕೊಲ್ಲೂರಿನ ಕಡೆಯಿಂದ ಕಾಡಿನ ನಡುವೆ ನೆಲದ ದಾರಿಯಿದೆ. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಸಂತೆ ಎಲ್ಲ ಸಾಗರದಲ್ಲಿ. ನಡುವೆ ನೀರು.

ಆ ನೀರು ನಿಸರ್ಗ ಕೊಟ್ಟದ್ದಲ್ಲ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಆ ವಿದ್ಯುತ್ತಿನ ಬಲದಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳು ಬಂದವು. ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಕಾರ್ಖಾನೆಯ ಸಂಬಳದಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಿರೇಭಾಸ್ಕರದ ಕಟ್ಟೆಯೇ ನೀರಿನಡಿ ಹೋಯಿತು. ಸುಮಾರು 300 ಚದರ ಕಿ.ಮೀ. ನೆಲದ ಊರು, ಗದ್ದೆ, ಅಡಿಕೆ ತೋಟಗಳೂ ಹೋದವು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಳೆಯ ಕಟ್ಟೆ ತಲೆಯೆತ್ತುತ್ತದೆ, ಜನ ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ. 2023ರ ಜೂನಿನಲ್ಲಿ ಅಂಥದೇ ನೀರಿನ ಕೊರತೆಯಿಂದ ಲಾಂಚಿನಲ್ಲಿ ವಾಹನ ಸಾಗಿಸುವುದು ನಿಂತಿತ್ತು. ನಮಗೆ ನೋಟವಾದದ್ದು ಅವರಿಗೆ ಬವಣೆ.

ಈ ಮುಳುಗಡೆಯ ಕತೆಯನ್ನು ಕನ್ನಡಕ್ಕೆ ತಂದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಅದನ್ನು ಹತ್ತಿರದಿಂದ ಕಂಡವರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಡಿಸೋಜರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಅದನ್ನು ಅವರು ನೋಡಲಿಲ್ಲ.

ಮುಳುಗಡೆಯಾಗಿ ಅರವತ್ತು ವರ್ಷ ಈ ಜನ ಸೇತುವೆಗಾಗಿ ಕಾದರು. ರೋಗಿ, ಗರ್ಭಿಣಿ, ಶಾಲೆಯ ಮಕ್ಕಳು ಎಲ್ಲರೂ ಲಾಂಚಿನ ವೇಳೆಗೆ ತಮ್ಮ ಕಷ್ಟವನ್ನು ಹೊಂದಿಸಿಕೊಳ್ಳಬೇಕಿತ್ತು. ಈ ನಡುವೆ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬರುವವರ ಸಂಖ್ಯೆ ಬೆಳೆಯಿತು. ರಜೆಯ ದಿನ ಕಾರುಗಳ ಸಾಲಿನಲ್ಲಿ ಊರಿನವರೇ ಹಿಂದುಳಿಯುತ್ತಿದ್ದರು. ಈಗ ಆ ಸರದಿ ಮುಗಿದಿದೆ, ಸಂತೋಷ. ಸೇತುವೆ ಬೇಡವಿತ್ತು ಎನ್ನುವ ಪರಿಸರಪ್ರೇಮ ನಮ್ಮದಲ್ಲ. ನಗರದಲ್ಲಿ ಕೂತು ಬೇರೆಯವರ ಏಕಾಂತವನ್ನು ಹೊಗಳುವುದು ಸುಲಭ.

ಆದರೆ ಲಾಂಚು ತಡೆಯೂ ಆಗಿತ್ತು. ಒಮ್ಮೆಗೆ ಇಷ್ಟೇ ವಾಹನ, ಇಷ್ಟೇ ಜನ. ಸೇತುವೆಗೆ ಆ ಲೆಕ್ಕವಿಲ್ಲ. ಆಚೆಗಿರುವುದು ಸಿಂಗಳೀಕಗಳ ಕಾಡು, 2019ರಲ್ಲಿ ವಿಸ್ತರಿಸಿದ ಅಭಯಾರಣ್ಯದ ಸೀಮೆ. ಇನ್ನು ಮೇಲೆ ಲೆಕ್ಕವನ್ನು ಮನುಷ್ಯರೇ ಇಡಬೇಕು. ದಡದಲ್ಲಿ ರೆಸಾರ್ಟ್ ಎಷ್ಟು, ಅದರ ಕೊಳಚೆ ಎಲ್ಲಿಗೆ, ಪ್ರವಾಸಿ ತಂದ ಪ್ಲಾಸ್ಟಿಕ್ ಯಾರ ಹೊಣೆ ಎಂಬುದನ್ನು ತುಮರಿಯ ಪಂಚಾಯಿತಿ ಕೇಳುವಂತಾಗಬೇಕು. ವಾಹನ ನಿಲುಗಡೆಯ ಹಣದಲ್ಲಿ ಒಂದು ಪಾಲು ಅಲ್ಲಿನ ಆಸ್ಪತ್ರೆಗೆ ಹೋದರೆ ತಪ್ಪೇನಿಲ್ಲ. ಊಟ, ವಸತಿ, ದೋಣಿಯ ಕೆಲಸದಲ್ಲಿ ಮೊದಲ ಹಕ್ಕು ಅಲ್ಲಿನ ಹುಡುಗರದ್ದು, ಅದು ದಯೆಯಲ್ಲ.

ಮುಳುಗಡೆಯಾದವರ ಬಾಕಿ ಇನ್ನೂ ತೀರಿಲ್ಲ. ಬೇರೆಡೆ ಕೊಟ್ಟ ಕಾಡುಭೂಮಿಯ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳೂ ಅಲೆಯುತ್ತಿದ್ದಾರೆ. 2022ರ ನವೆಂಬರಿನಲ್ಲಿ ಅದನ್ನೇ ಕೇಳುತ್ತಾ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ಬಂದಿತ್ತು. ನಮ್ಮ ಊರಿನಿಂದ ಸಿಗಂದೂರಿಗೆ ಹೊರಟ ಬಸ್ಸು ಸಾಗರ ಮುಟ್ಟುವ ಮೊದಲು ಹಾಯುವುದು ಅದೇ ಆಯನೂರನ್ನು.