ವಿಕಿರಣ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಪಾಠ



ಚರಿತ್ರೆಯನ್ನು ಪಾಠ ಹೇಳುವ ನಮಗೆ ಯುದ್ಧಗಳ ತಾರೀಖುಗಳು ಬಾಯಿಗೆ ಬರುವಷ್ಟು ಸುಲಭವಾಗಿ ಪ್ರಯೋಗಶಾಲೆಗಳ ತಾರೀಖುಗಳು ಬರುವುದಿಲ್ಲ. ಆದರೂ ಮನುಷ್ಯನ ಬಾಳುವೆಯನ್ನು ಮಾರ್ಪಡಿಸಿದ ಘಟನೆಗಳಲ್ಲಿ ಎಷ್ಟೋ ಪ್ರಯೋಗಶಾಲೆಗಳಲ್ಲೇ ನಡೆದಿವೆ. ನಮ್ಮ ಹಿರಿಯರು ಏಡಿಹುಣ್ಣೆಂದು ಹೆದರಿ ಹೆಸರಿಸುತ್ತಿದ್ದ ಕ್ಯಾನ್ಸರ್ ರೋಗದ ವಿರುದ್ಧ ವಿಕಿರಣವನ್ನು ಹೂಡಿದ ಕಥೆ ಅಂಥದೊಂದು. ಅದರಲ್ಲಿ ಜಯವೂ ಉಂಟು, ಅಪಜಯವೂ ಉಂಟು. ಈ ದಿನ ನಾವು ಮುಖ್ಯವಾಗಿ ಅಪಜಯವನ್ನು ಕುರಿತು ಮಾತನಾಡಬೇಕೆಂದಿದ್ದೇವೆ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. 1898ರ ಡಿಸೆಂಬರಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಮನ್ನು ಕಂಡುಹಿಡಿದರು. ವೈದ್ಯರು ಎರಡನ್ನೂ ಗೆಡ್ಡೆಗಳ ಮೇಲೆ ಪ್ರಯೋಗಿಸಲು ತಡಮಾಡಲಿಲ್ಲ. ಗೆಡ್ಡೆಗಳು ಕರಗಿದವು, ಜೊತೆಗೆ ಆರೋಗ್ಯವಾದ ಚರ್ಮವೂ ಸುಟ್ಟಿತು. ಪ್ಯಾರಿಸಿನ ರೇಡಿಯಂ ಸಂಸ್ಥೆಯಲ್ಲಿ ಎರಡು ವಿಭಾಗಗಳಿದ್ದವು. ಭೌತ ರಸಾಯನಗಳ ವಿಭಾಗಕ್ಕೆ ಮೇರಿ ಕ್ಯೂರಿಯೂ ಜೀವಶಾಸ್ತ್ರ ಮತ್ತು ವೈದ್ಯದ ವಿಭಾಗಕ್ಕೆ ಕ್ಲಾಡಿಯಸ್ ರೆಗೋ ಎಂಬ ವೈದ್ಯನೂ ಮುಖ್ಯಸ್ಥರು. ಟಗರುಗಳ ಬೀಜಕೋಶವನ್ನು ಒಂದೇ ಸಲ ಬಲವಾದ ಕಿರಣದಿಂದ ಬಂಜೆಗೊಳಿಸಿದರೆ ಮೇಲಿನ ಚರ್ಮವೂ ಬೇಯುವುದೆಂದೂ, ಕಿರಣವನ್ನು ಹಲವು ದಿನಗಳಿಗೆ ಹಂಚಿ ಕೊಟ್ಟರೆ ಚರ್ಮ ಉಳಿದುಕೊಳ್ಳುವುದೆಂದೂ ರೆಗೋ ತೋರಿಸಿಕೊಟ್ಟನು. ಬೇಗ ಬೇಗ ವಿಭಜನೆಗೊಳ್ಳುವ ಬೀಜಕಣಗಳ ಸ್ಥಾನದಲ್ಲಿ ಗೆಡ್ಡೆಯನ್ನಿಟ್ಟು ಯೋಚಿಸಿದರೆ ಸಾಕು, ಚಿಕಿತ್ಸೆಯ ಸೂತ್ರ ದೊರೆಯುತ್ತದೆ. ರೋಗಿಗಳು ವಾರಗಟ್ಟಲೆ ದಿನದಿನವೂ ಆಸ್ಪತ್ರೆಗೆ ಹೋಗಿ ಸ್ವಲ್ಪ ಸ್ವಲ್ಪವಾಗಿ ಕಿರಣವನ್ನು ಪಡೆಯುವ ಪದ್ಧತಿಗೆ ಇದೇ ಮೂಲ.

ಇನ್ನು ಅಮೆರಿಕದ ಬರ್ಕ್ಲಿ ನಗರಕ್ಕೆ ಹೋಗೋಣ. ಅಲ್ಲಿ ಅರ್ನೆಸ್ಟ್ ಲಾರೆನ್ಸ್ ಎಂಬ ಭೌತವಿಜ್ಞಾನಿ ಸೈಕ್ಲೊಟ್ರಾನ್ ಎಂಬ ಯಂತ್ರವನ್ನು ಕಟ್ಟಿದ್ದನು. ಆತನ ತಮ್ಮ ಜಾನ್ ವೈದ್ಯ. 1937ರಲ್ಲಿ ಇವರ ತಾಯಿಗೆ ಶಸ್ತ್ರಚಿಕಿತ್ಸೆಗೆ ಮೀರಿದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅರ್ನೆಸ್ಟನ ಸಹೋದ್ಯೋಗಿ ಸ್ಲೋನ್ ನಿರ್ಮಿಸಿದ್ದ, ಸುಮಾರು ಹತ್ತು ಲಕ್ಷ ವೋಲ್ಟುಗಳ ಕ್ಷ-ಕಿರಣ ಯಂತ್ರವು ಸಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿತ್ತು. ಡಾಕ್ಟರ್ ರಾಬರ್ಟ್ ಸ್ಟೋನ್ ಅದರಿಂದ ಚಿಕಿತ್ಸೆ ನಡೆಸಿದನು. ಆ ತಾಯಿ ಗುಣಹೊಂದಿ ಎಂಬತ್ತು ದಾಟುವವರೆಗೆ ಬದುಕಿದಳು. ಇಂಥ ಅನುಭವವನ್ನು ಕಂಡ ಮಕ್ಕಳ ಉತ್ಸಾಹ ಎಷ್ಟಿದ್ದೀತೆಂಬುದನ್ನು ನಾವು ಊಹಿಸಬಹುದು.

1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್ ಕಣಗಳನ್ನು ಸೈಕ್ಲೊಟ್ರಾನ್ ಧಾರಾಳವಾಗಿ ಒದಗಿಸುತ್ತಿತ್ತು. ಇಲಿಗಳ ಮೇಲೆ ಅವು ಕ್ಷ-ಕಿರಣಗಳಿಗಿಂತ ಪ್ರಬಲವೆಂದು ಕಂಡಿತು. 1938ರಲ್ಲಿ ರೋಗಿಗಳ ಚಿಕಿತ್ಸೆ ಮೊದಲಾಯಿತು. 1943ರಲ್ಲಿ ಯಂತ್ರವು ಯುದ್ಧಕಾರ್ಯಕ್ಕೆ ಹೋಗುವವರೆಗೆ ಸ್ಟೋನ್ ಇನ್ನೂರಕ್ಕೂ ಮಿಕ್ಕಿದ ರೋಗಿಗಳಿಗೆ ನ್ಯೂಟ್ರಾನ್ ಕೊಟ್ಟನು. ಬಹುಮಂದಿ ಬೇರೆ ದಾರಿಯಿಲ್ಲದೆ ಬಂದವರು. ಕೆಲವರ ಗೆಡ್ಡೆಗಳು ಕರಗಿ ಆಸೆ ಹುಟ್ಟಿಸಿದವು. ಆದರೆ ತಿಂಗಳುಗಳೂ ವರ್ಷಗಳೂ ಕಳೆದ ಮೇಲೆ, ಬದುಕಿ ಉಳಿದವರ ಚರ್ಮವೂ ಮಾಂಸವೂ ಗಡುಸಾಗಿ, ಮಾಯದ ಹುಣ್ಣುಗಳು ಕಾಣಿಸಿಕೊಂಡವು.

ಇಲ್ಲಿ ಸ್ಟೋನ್ ನಡೆದುಕೊಂಡ ರೀತಿ ಸ್ಮರಣೀಯವಾದುದು. ತನ್ನ ಐದು ವರ್ಷಗಳ ದುಡಿಮೆಯನ್ನು ಆತನು ಸಮರ್ಥಿಸಿಕೊಳ್ಳಲು ಹೊರಡಲಿಲ್ಲ. ದೊರೆತ ಅಲ್ಪ ಫಲಕ್ಕೆ ಹೋಲಿಸಿದರೆ ಆದ ಹಾನಿ ಅತಿಯಾದುದೆಂದೂ, ಈ ಚಿಕಿತ್ಸೆಯನ್ನು ಮುಂದುವರಿಸತಕ್ಕದ್ದಲ್ಲವೆಂದೂ 1948ರಲ್ಲಿ ತಾನೇ ಪ್ರಕಟಿಸಿದನು.

ತಪ್ಪೆಲ್ಲಿ ಆಯಿತು? ಕ್ಷ-ಕಿರಣದ ಸಣ್ಣ ಪೆಟ್ಟುಗಳನ್ನು ನಮ್ಮ ಜೀವಕೋಶಗಳು ಒಂದು ದಿನಕ್ಕೂ ಮತ್ತೊಂದು ದಿನಕ್ಕೂ ನಡುವೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ; ರೆಗೋವಿನ ಸೂತ್ರ ನಿಂತಿರುವುದು ಇದರ ಮೇಲೆ. ನ್ಯೂಟ್ರಾನಿನ ಪೆಟ್ಟು ದಟ್ಟವಾದುದು. ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟ. ಚರ್ಮ ಮೊದಲು ಕೆಂಪೇರುವುದನ್ನು ನೋಡಿ ಪ್ರಮಾಣವನ್ನು ನಿರ್ಣಯಿಸಿದರೆ, ತಡವಾಗಿ ಬರುವ ಹಾನಿ ಲೆಕ್ಕಕ್ಕೆ ಸಿಕ್ಕುವುದಿಲ್ಲ. 1970ರ ದಶಕದ ಮೊದಲಲ್ಲಿ ಜೀವವಿಜ್ಞಾನಿಗಳು ಸ್ಟೋನನ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ರೋಗಿಗಳಿಗೆ ಮಿತಿಮೀರಿದ ಪ್ರಮಾಣ ಸಂದಿತ್ತೆಂದು ತೋರಿಸಿದರು. ಭೌತವಿಜ್ಞಾನಿ ಬಂದಿದ್ದನು, ವೈದ್ಯನೂ ಬಂದಿದ್ದನು. ಅವರಿಗೆ ಬೇಕಾಗಿದ್ದ ಜೀವವಿಜ್ಞಾನ ಇನ್ನೂ ಹುಟ್ಟಿರಲಿಲ್ಲ. ಸ್ಟೋನ್ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರಿಂದಲೇ ಆ ಮರುಪರಿಶೀಲನೆ ಸಾಧ್ಯವಾಯಿತು.

ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. ಲಾರೆನ್ಸನ ಶಿಷ್ಯ ರಾಬರ್ಟ್ ವಿಲ್ಸನ್, ಲಾಸ್ ಅಲಾಮಸ್‌ನಲ್ಲಿ ಪರಮಾಣು ಬಾಂಬಿನ ಕಾರ್ಯದಲ್ಲಿ ದುಡಿದು ಬಂದವನು, 1946ರಲ್ಲಿ ಪ್ರೋಟಾನುಗಳನ್ನು ಚಿಕಿತ್ಸೆಗೆ ಬಳಸಬಹುದೆಂದು ಬರೆದನು. ಕ್ಷ-ಕಿರಣವು ಗೆಡ್ಡೆಯನ್ನು ದಾಟಿ ಆಚೆಯ ಅಂಗವನ್ನೂ ತಾಕುತ್ತದೆ. ಪ್ರೋಟಾನ್ ಹಾಗಲ್ಲ, ದಾರಿಯಲ್ಲಿ ಮಿತವಾಗಿ ವ್ಯಯಮಾಡಿ, ನಿಲ್ಲುವ ಸ್ಥಳದಲ್ಲಿ ಶಕ್ತಿಯನ್ನು ಸುರಿದು ನಿಂತುಬಿಡುತ್ತದೆ. 1954ರಲ್ಲಿ ಜಾನ್ ಲಾರೆನ್ಸನೂ ಟೋಬಿಯಾಸನೂ ಬರ್ಕ್ಲಿಯಲ್ಲಿ ಮೊದಲ ರೋಗಿಗಳಿಗೆ ಪ್ರೋಟಾನ್ ಕೊಟ್ಟರು. ಆದರೆ ಗೆಡ್ಡೆಯ ನೆಲೆಯನ್ನು ದೇಹದೊಳಗೆ ಕರಾರುವಾಕ್ಕಾಗಿ ತೋರಿಸುವ ಸಿ.ಟಿ. ಚಿತ್ರಣ 1970ರ ದಶಕದಲ್ಲಿ ಬಂದ ಮೇಲೆಯೇ ಈ ಗುಣ ಪೂರ್ಣವಾಗಿ ಉಪಯೋಗಕ್ಕೆ ಬಂದಿತು. ಆಸ್ಪತ್ರೆಗೆಂದೇ ಕಟ್ಟಿದ ಮೊದಲ ಪ್ರೋಟಾನ್ ಯಂತ್ರ 1990ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾದಲ್ಲಿ ಕೆಲಸ ಆರಂಭಿಸಿತು. 1994ರಲ್ಲಿ ಜಪಾನಿನ ಚೀಬಾದಲ್ಲಿ ಇಂಗಾಲದ ಕಣಗಳ ಚಿಕಿತ್ಸೆ ತೊಡಗಿತು. 2019ರಲ್ಲಿ ಪ್ರೋಟಾನ್ ಚಿಕಿತ್ಸೆ ನಮ್ಮ ನೆರೆಯ ಚೆನ್ನೈಗೂ ಬಂದಿತು. ಈಗ ಇಂಥ ಒಬ್ಬ ರೋಗಿಯ ಹಿಂದೆ ವೈದ್ಯ, ಭೌತವಿಜ್ಞಾನಿ, ಜೀವವಿಜ್ಞಾನಿ, ಎಂಜಿನಿಯರ್, ಗಣಿತಜ್ಞ ಎಲ್ಲರೂ ನಿಂತಿರುತ್ತಾರೆ.

ಇವೆಲ್ಲ ಬಹಳ ವೆಚ್ಚದ ಯಂತ್ರಗಳು. ಎಲ್ಲ ರೋಗಿಗಳಿಗೂ ಬೇಕಾದವೂ ಅಲ್ಲ. ಸಾಮಾನ್ಯ ವಿಕಿರಣ ಚಿಕಿತ್ಸೆಯೇ ದೊರೆಯದ ಊರುಗಳು ನಮ್ಮ ದೇಶದಲ್ಲಿ ಇನ್ನೂ ಎಷ್ಟೋ ಇವೆ. ಹೊಸದನ್ನು ಕಂಡು ಬೆರಗಾಗುವ ಮೊದಲು, ಅದು ಯಾರಿಗೆ ಹಿತ, ಎಷ್ಟು ಹಿತ, ಎಷ್ಟು ವರ್ಷಗಳ ಮೇಲೆ ಏನಾಯಿತು ಎಂದು ಕೇಳುವುದು ನಾಗರಿಕರಾದ ನಮ್ಮ ಕರ್ತವ್ಯ. ಆ ಪ್ರಶ್ನೆಗೆ ಸ್ಟೋನ್ ನಿಜವಾದ ಉತ್ತರವನ್ನು ಕೊಟ್ಟನು. ಬರ್ಕ್ಲಿಯ ಆ ರೋಗಿಗಳಲ್ಲಿ ಬಹುಮಂದಿಯ ಹೆಸರುಗಳು ಗ್ರಂಥಗಳಲ್ಲಿಲ್ಲ. ಅವರು ಪಟ್ಟ ಪಾಡು ಮುಂದಿನವರಿಗೆ ರಕ್ಷೆಯಾಯಿತು. ಅವರನ್ನು ನೆನೆದು ಈ ಭಾಷಣವನ್ನು ಮುಗಿಸುತ್ತೇವೆ.