ಧ್ವನಿಮುದ್ರಿತ ಜಾನಪದ ಆಕರಗಳು: ಸಂಗ್ರಹದಿಂದ ಭಂಡಾರದವರೆಗೆ

ಕನ್ನಡ ಜಾನಪದ ಅಧ್ಯಯನದಲ್ಲಿ ಸಂಗ್ರಹಕಾರ್ಯದ ಇತಿಹಾಸವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಸಂಗ್ರಹಿಸಿದ್ದನ್ನು ಎಲ್ಲಿ ಇಡಲಾಯಿತು, ಅದು ಇಂದು ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಹಾಡು ಅಚ್ಚಾಯಿತೆಂದರೆ ಕೆಲಸ ಮುಗಿಯಿತೆಂದು ಬಹುಕಾಲ ಭಾವಿಸಲಾಗಿತ್ತು. ಕ್ಯಾಸೆಟ್ಟಿನಿಂದ ಪಠ್ಯವನ್ನು ಬರೆದುಕೊಂಡ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಮತ್ತೊಬ್ಬರ ಹಾಡನ್ನು ತುಂಬಿಕೊಳ್ಳುವ ರೂಢಿಯೂ ನಮ್ಮಲ್ಲಿತ್ತು. ಇದಕ್ಕೆ ಬಡತನ ಕಾರಣವೇ ಹೊರತು ಉದಾಸೀನವಲ್ಲ. ಆದರೂ ಹಾಗೆ ಅಳಿಸಿಹೋದ ಧ್ವನಿಗಳು ಎಷ್ಟೆಂದು ಲೆಕ್ಕ ಹಾಕುವ ದಾರಿ ಈಗ ಉಳಿದಿಲ್ಲ.

ಆಕರವನ್ನು ಸರಿಯಾದ ಕಡೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಆರ್ನಾಲ್ಡ್ ಬಾಕೆಯವರ ಸಂಗ್ರಹ ಒಳ್ಳೆಯ ನಿದರ್ಶನ. ನೆದರ್ಲೆಂಡಿನ ಈ ಸಂಗೀತ ವಿದ್ವಾಂಸರು 1938-39ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಹಾಡು, ವಾದ್ಯ, ಕುಣಿತಗಳನ್ನು ಧ್ವನಿಮುದ್ರಿಸಿಕೊಂಡರು. ಮೂಕ ಚಲನಚಿತ್ರಗಳನ್ನೂ ತೆಗೆದರು. ಅವರು 1963ರಲ್ಲಿ ತೀರಿಕೊಂಡರು. ಸಂಗ್ರಹ ಮಾತ್ರ ಸಂಸ್ಥೆಗಳ ಆಶ್ರಯದಲ್ಲಿ, ಟಿಪ್ಪಣಿಗಳ ಸಮೇತ ಉಳಿಯಿತು. ಲಂಡನ್ನಿನಲ್ಲಿ ಅವರ ಶಿಷ್ಯರಾಗಿದ್ದ ನಜೀರ್ ಜೈರಾಜ್‌ಭಾಯ್ 1984ರಲ್ಲಿ ಏಮಿ ಕ್ಯಾಟ್ಲಿನ್ ಅವರೊಡನೆ ಆ ಪ್ರತಿಗಳನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಬಂದರು. ಬಾಕೆ ಕಂಡಿದ್ದ ಕಲೆಗಳಲ್ಲಿ ಯಾವುದು ಉಳಿದಿದೆ, ಯಾವುದು ಬದಲಾಗಿದೆ, ಯಾವುದು ನಿಂತುಹೋಗಿದೆ ಎಂದು ಸ್ಥಳದಲ್ಲಿಯೇ ಹೋಲಿಸಿ ನೋಡಿದರು. ಸುಮಾರು ನಲವತ್ತೈದು ವರ್ಷಗಳ ಅಂತರದ ಇಂಥ ಮರುಅಧ್ಯಯನಕ್ಕೆ ಬೇಕಾದದ್ದು ಧ್ವನಿಯಷ್ಟೇ ಅಲ್ಲ. ಯಾರು, ಯಾವಾಗ, ಯಾವ ಊರಿನಲ್ಲಿ ಎಂಬ ವಿವರಗಳೂ ಬೇಕು. ಅವು ಇಲ್ಲದಿದ್ದರೆ ಎಂಥ ಅಪರೂಪದ ಧ್ವನಿಯೂ ಅನಾಮಧೇಯವಾಗುತ್ತದೆ.

ಭಾರತದಲ್ಲಿ ನಡೆದ ಧ್ವನಿಮುದ್ರಣಗಳು ವಿದೇಶಗಳ ಕಪಾಟುಗಳನ್ನು ಸೇರಿ ಇಲ್ಲಿನವರಿಗೆ ದೊರೆಯದಂತಾಗಿವೆ ಎಂಬ ಕೊರಗಿಗೆ ಉತ್ತರವಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಜನಾಂಗೀಯ ಸಂಗೀತದ ಸಂಗ್ರಹಾಗಾರವೊಂದನ್ನು ಸ್ಥಾಪಿಸಿತು. ಅದರ ಹಿಂದೆಯೂ ಜೈರಾಜ್‌ಭಾಯ್ ಅವರ ಶ್ರಮವಿತ್ತು. ಇಂದು ಗುರುಗ್ರಾಮದಲ್ಲಿರುವ ಈ ಭಂಡಾರದ ವ್ಯವಸ್ಥೆಯಲ್ಲಿ ಗಮನಾರ್ಹವಾದುದು ಠೇವಣಿಯ ಒಪ್ಪಂದ. ಆಕರವನ್ನು ಒಪ್ಪಿಸಿದವರ ಹಕ್ಕು ಉಳಿಯುತ್ತದೆ. ಯಾರು ಕೇಳಬಹುದು, ಯಾರು ಪ್ರತಿ ಪಡೆಯಬಹುದು ಎಂಬುದು ಬರವಣಿಗೆಯಲ್ಲಿರುತ್ತದೆ. ಕರ್ನಾಟಕದಲ್ಲಿ ಇದೇ ದಶಕದಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳ್ತನದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಬೆಳೆದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ದಾಖಲೀಕರಣವನ್ನೇ ಒಂದು ಶಿಸ್ತಾಗಿ ಕಂಡಿತು. ವಸ್ತುಸಂಗ್ರಹಾಲಯಗಳು ನಮ್ಮಲ್ಲಿ ಅದಕ್ಕೂ ಮುಂಚಿನಿಂದ ಇವೆ. ಆದರೆ ನೇಗಿಲು, ಬೀಸುವ ಕಲ್ಲುಗಳನ್ನು ಕಾಪಾಡುವ ಬಗೆ ಬೇರೆ, ಧ್ವನಿಯನ್ನು ಕಾಪಾಡುವ ಬಗೆ ಬೇರೆ.

ತುಳುನಾಡಿನ ಸಿರಿ ಪಾಡ್ದನದ ದಾಖಲೀಕರಣವನ್ನು ಇಲ್ಲಿ ನೆನೆಯಲೇಬೇಕು. ಫಿನ್ಲೆಂಡಿನ ಲೌರಿ ಹಾಂಕೊ, ಅನ್ನೇಲಿ ಹಾಂಕೊ, ನಮ್ಮವರಾದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ ಗೋಪಾಲ ನಾಯ್ಕರಿಂದ 1990ರಲ್ಲಿ ದಾಖಲಿಸಿಕೊಂಡ ಈ ಮಹಾಕಾವ್ಯ 1998ರಲ್ಲಿ 15,683 ಸಾಲುಗಳ ಪಠ್ಯವಾಗಿ ಪ್ರಕಟವಾಯಿತು. ಮೌಖಿಕ ಪ್ರದರ್ಶನವೊಂದು ಪಠ್ಯವಾಗುವ ಪ್ರಕ್ರಿಯೆಯನ್ನೇ ವಿವರಿಸಲು ಹಾಂಕೊ ಪ್ರತ್ಯೇಕ ಸಂಪುಟವನ್ನು ಬರೆದರು. ಮುದ್ರಿತ ಸಾಲು ಅಂತಿಮವಲ್ಲ, ಅದರ ಹಿಂದಿನ ಧ್ವನಿ ಮತ್ತು ದೃಶ್ಯಗಳಿಗೆ ಹಿಂದಿರುಗಲು ಸಾಧ್ಯವಾಗಬೇಕು ಎಂಬ ಅರಿವು ಆ ಬಗೆಯ ಕೆಲಸದ ಬುನಾದಿ. ಜಾನಪದದ ರಕ್ಷಣೆಯನ್ನು ಕುರಿತು ಯುನೆಸ್ಕೋ 1989ರಲ್ಲಿ ಅಂಗೀಕರಿಸಿದ ಶಿಫಾರಸು ಕೂಡ ಪ್ರತಿಯೊಂದು ರಾಷ್ಟ್ರವೂ ಜಾನಪದ ಭಂಡಾರಗಳನ್ನು ಕಟ್ಟಬೇಕೆಂದು ಹೇಳಿತ್ತು.

ನನ್ನ ಸ್ವಂತ ಅನುಭವ ಇಷ್ಟು ಗೌರವದ್ದಲ್ಲ. ಪಿಎಚ್.ಡಿ. ಮುಗಿದ ಬಳಿಕ ಕ್ಷೇತ್ರಕಾರ್ಯದ ಕ್ಯಾಸೆಟ್ಟುಗಳನ್ನು ಒಂದು ಸಂಸ್ಥೆಗೆ ಒಪ್ಪಿಸಿದೆ. ರಸೀತಿಯಿಲ್ಲ, ಒಪ್ಪಂದವಿಲ್ಲ. ಕೆಲವು ವರ್ಷಗಳ ನಂತರ ಹೋಗಿ ನೋಡಿದಾಗ ಸುರುಳಿಗಳ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಸೋರುವ ಮಾಡಿನ ಕೆಳಗೆ ಚೀಟಿಗಳ ಶಾಯಿ ಕರಗಿತ್ತು. ನುಡಿಸಿ ನೋಡಲು ಯಂತ್ರವೂ ಇರಲಿಲ್ಲ. ತಪ್ಪು ಅವರೊಬ್ಬರದಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಕೇಳಿರಲಿಲ್ಲ. ಮಹಾಪ್ರಬಂಧದ ಪಠ್ಯಕ್ಕೆ ಇಂದು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ಆ ಪಠ್ಯಕ್ಕೆ ಆಧಾರವಾದ ಧ್ವನಿಯ ಗತಿ ಏನು?

ಈಗ ಆಯ್ಕೆಗಳು ಹೆಚ್ಚಿವೆ. 2013ರಲ್ಲಿ ಆರಂಭವಾದ, ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಝೆನೋಡೋದಲ್ಲಿ ಯಾವ ದೇಶದ ಸಂಶೋಧಕರೂ ಶುಲ್ಕವಿಲ್ಲದೆ ದತ್ತಾಂಶವನ್ನು ಇಡಬಹುದು. ಪ್ರತಿಯೊಂದಕ್ಕೂ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ದೊರೆಯುವುದರಿಂದ ಪುಸ್ತಕದಂತೆಯೇ ಧ್ವನಿಮುದ್ರಣವನ್ನೂ ಉಲ್ಲೇಖಿಸಬಹುದು. ಆದರೆ ಎಲ್ಲ ವಿಷಯಗಳಿಗೂ ತೆರೆದ ಇಂಥ ಭಂಡಾರಕ್ಕೆ ಸೋಬಾನೆಗೂ ಸಾವಿನ ಹಾಡಿಗೂ ಇರುವ ವ್ಯತ್ಯಾಸ ತಿಳಿಯದು. ಅಳಿವಿನಂಚಿನ ಭಾಷೆಗಳಿಗೆಂದೇ ಲಂಡನ್ನಿನಲ್ಲಿ ಕಟ್ಟಿದ ಎಲಾರ್‌ನಂಥ ವಿಷಯನಿಷ್ಠ ಭಂಡಾರಗಳು ಸಮುದಾಯದ ಒಪ್ಪಿಗೆಯನ್ನು ಗಮನಿಸಿ ಹಂತಹಂತದ ಪ್ರವೇಶವನ್ನು ಕಲ್ಪಿಸುತ್ತವೆ. ಆ ಭಂಡಾರವೇ 2021ರಲ್ಲಿ ಬರ್ಲಿನ್ನಿಗೆ ಸ್ಥಳಾಂತರಗೊಂಡಿತು. ಸಂಸ್ಥೆಗಳೂ ಮನೆ ಬದಲಿಸುತ್ತವೆ. ಹಾಗಾದಾಗ ಆಕರಗಳನ್ನು ವಹಿಸಿಕೊಳ್ಳುವವರು ಯಾರು ಎಂಬುದನ್ನು ಠೇವಣಿಗೆ ಮೊದಲೇ ಕೇಳಿ ತಿಳಿಯಬೇಕು. ಮೂಲಪ್ರತಿಯನ್ನು ಎಂಪಿ3ಯಂಥ ಕುಗ್ಗಿಸಿದ ರೂಪದಲ್ಲಿ ಇಡದೆ 24 ಬಿಟ್‌ನ ವೇವ್ ಕಡತವಾಗಿ ಇಡಬೇಕೆಂಬುದು ಧ್ವನಿಭಂಡಾರಗಳ ಅಂತಾರಾಷ್ಟ್ರೀಯ ಸಂಘಟನೆಯ ಸೂಚನೆ. ತಾಂತ್ರಿಕ ಸಂಗತಿಗಳಲ್ಲಿ ಇದೊಂದನ್ನು ಮರೆಯದಿದ್ದರೆ ಉಳಿದವನ್ನು ಭಂಡಾರದವರೇ ತಿಳಿಸಿಕೊಡುತ್ತಾರೆ.

ಒಪ್ಪಿಗೆಯ ವಿಚಾರ ಮಾತ್ರ ಅಷ್ಟು ಸುಲಭದ್ದಲ್ಲ. ಟೇಪ್‌ರೆಕಾರ್ಡರ್ ಮುಂದೆ ಕುಳಿತು ಹಾಡಿದವರು ನನಗೆ ಹಾಡಿದರು. ಜಗತ್ತಿಗೆಲ್ಲ ಹಾಡುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ. ಹಾಳಾದ ಆ ಕ್ಯಾಸೆಟ್ಟುಗಳಲ್ಲಿ ಹಾಡಿದ್ದ ವಕ್ತೃವೊಬ್ಬರ ಮಗಳು ಒಮ್ಮೆ ದೂರವಾಣಿಯಲ್ಲಿ, "ಅವ್ವನ ದನಿ ನಿಮ್ತಾವ ಅದಂತಲ್ಲ ಮೇಷ್ಟ್ರೇ, ಒಂದ್ಕಿತ ಕೇಳುಸಿ" ಎಂದರು. ಅದೃಷ್ಟಕ್ಕೆ ಸಹಸಂಶೋಧಕರೊಬ್ಬರ ಬಳಿ ಪ್ರತಿಯೊಂದಿತ್ತು. ಎಂಟು ಹಾಡುಗಳಲ್ಲಿ ಮೂರು ಉಳಿದಿದ್ದವು. ಹೆಸರು, ದಿನಾಂಕ, ಊರು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದವು. ಕೇಳಿಸಿದ ಮೇಲೆ ಭಂಡಾರದ ವಿಷಯವನ್ನು ವಿವರಿಸಿ ಒಪ್ಪಂದಪತ್ರವನ್ನು ಓದಿ ಹೇಳಿದೆ. ಎರಡು ಸೋಬಾನೆ ಪದಗಳನ್ನು ಯಾರು ಬೇಕಾದರೂ ಕೇಳಲಿ ಎಂದು ಅವರು ಸಹಿ ಹಾಕಿದರು. ಮೂರನೆಯದು ತಾಯಿ ತನ್ನ ಸತ್ತ ಮಗನನ್ನು ನೆನೆದು ಹಾಡಿಕೊಂಡದ್ದು. ತಾನು ಬದುಕಿರುವವರೆಗೆ ಅದನ್ನು ತೆರೆಯಕೂಡದೆಂದು ಅವರು ಹೇಳಿದ್ದನ್ನು ಪತ್ರದ ಕೆಳಗೆ ಹಾಗೆಯೇ ಬರೆದುಕೊಂಡಿದ್ದೇನೆ.