ಮನೆಗೊಂದು ಎಸ್‌ಯುವಿ: ಹೆಸರು ಆಮೇಲೆ, ಮನೆ ಲೆಕ್ಕ ಮೊದಲು

ರಾಣೇಬೆನ್ನೂರು: ಪೇಟೆಯಲ್ಲಿ ಅಂಗಡಿ ಇಟ್ಟವರ ಮನೆಯಲ್ಲಿ ಹೊಸ ಕಾರಿನ ಮಾತು ಶುರುವಾದರೆ ಮೊದಲು ಬರೋದು ಗಾಡಿ ಹೆಸರು. ಮಗ ‘ಸ್ಕಾರ್ಪಿಯೋ’ ಅಂತಾನೆ, ಸೊಸೆ ‘ಕ್ರೆಟಾ’ ಅಂತಾಳೆ. ಯಜಮಾನರು ‘ಎಲ್ಲಾ ಸೇರಿ ಎಷ್ಟಕ್ಕ ಬರ್ತೈತಿ?’ ಅಂತ ಕೇಳ್ತಾರೆ. ಅವ್ವ ‘ಹತ್ತಾಕ ಇಳಿಯಾಕ ಸಲೀಸ ಇದ್ರ ಸಾಕಪ್ಪಾ’ ಅಂತ ಹೇಳಿ ಸುಮ್ಮನಾಗ್ತಾರೆ. ಈ ನಾಲ್ವರಲ್ಲಿ ಕಾರು ಆರಿಸಲು ಬೇಕಾದ ಮಾತು ಆಡಿದವರು ಕೊನೆಯ ಇಬ್ಬರು.

ಇವತ್ತು ಕುಟುಂಬದ ಎಸ್‌ಯುವಿ ಅಂದರೆ 10ರಿಂದ 20 ಲಕ್ಷ ರೂಪಾಯಿ ಮಾತು. ತಾಲ್ಲೂಕು ಮಟ್ಟದ ಅಂಗಡಿಗೆ ಅದು ಒಂದು ಸೀಸನ್ನಿನ ಮಾಲಿನ ದುಡ್ಡು. ಅಂಗಡಿಗೆ ತಂದ ಮಾಲು ಖರ್ಚಾಗದಿದ್ದರೆ ವಾಪಸ್ ಕಳಿಸಬಹುದು. ಕಾರು ಹಾಗಲ್ಲ. ಶೋರೂಂ ಗೇಟು ದಾಟಿದ ದಿನವೇ ಅದು ಸೆಕೆಂಡ್ ಹ್ಯಾಂಡ್. ಹಾಗಾಗಿ ಬುಕಿಂಗ್ ಹಣ ಕಟ್ಟುವ ಮೊದಲು ಮನೆಯಲ್ಲೇ ಕೂತು ಹಾಕಬೇಕಾದ ಲೆಕ್ಕಗಳು ಇಲ್ಲಿವೆ.

ಎಷ್ಟು ಮಂದಿ? ದಿನಾ ಎಷ್ಟು, ಹಬ್ಬಕ್ಕೆ ಎಷ್ಟು?

ಮನೆಯಲ್ಲಿ ಏಳು ಮಂದಿ ಇದ್ದರೆ ಏಳು ಸೀಟಿನ ಗಾಡಿ ಬೇಕು ಅನ್ನೋದು ಸಾಮಾನ್ಯ ಮಾತು. ಆದರೆ ತಿಂಗಳಲ್ಲಿ ಎಷ್ಟು ದಿನ ಏಳೂ ಮಂದಿ ಒಟ್ಟಿಗೆ ಹೋಗ್ತಾರೆ ಅಂತ ನೋಡಬೇಕು. ವರ್ಷಕ್ಕೆ ಎರಡು ಸಲ ಧರ್ಮಸ್ಥಳ, ತಿರುಪತಿಗೆ ಹೋಗೋದಕ್ಕೆ ಮಾತ್ರ ಮೂರನೇ ಸಾಲು ಬೇಕು ಅನ್ನುವವರು ಆ ಎರಡು ಸಲ ಹಳದಿ ಬೋರ್ಡಿನ ಗಾಡಿ ಬಾಡಿಗೆಗೆ ತಗೊಂಡರೆ ಲಕ್ಷಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ ಆರು-ಏಳು ಮಂದಿ ಹೊರಡುವ ಮನೆ ಇದ್ದರೆ ಮಾತ್ರ ಮೂರು ಸಾಲಿನ ಗಾಡಿ ಸರಿ.

ಐದು ಸೀಟಿನ ಕಾರಲ್ಲಿ ಆರೇಳು ಮಂದಿ ತುಂಬಿಕೊಂಡು ಹೋಗೋದು ನಮ್ಮ ಕಡೆ ರೂಢಿ. ಆರ್‌ಸಿಯಲ್ಲಿ ಬರೆದಷ್ಟೇ ಜನಕ್ಕೆ ಬೆಲ್ಟ್ ಇರುತ್ತದೆ. ಅದಕ್ಕಿಂತ ಹೆಚ್ಚು ಮಂದಿ ಇದ್ದಾಗ ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ಮೂರು ಗುಂಪು, ಮೂರು ಥರದ ಮನೆ

*4 ಮೀಟರ್ ಒಳಗಿನವು:* ಟಾಟಾ ನೆಕ್ಸಾನ್, ಮಾರುತಿ ಬ್ರೆಝಾ, ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್, ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ, ಸ್ಕೋಡಾ ಕೈಲಾಕ್ ಈ ಗುಂಪಿನವು. ಹೆಸರಿಗೆ ಐದು ಸೀಟು. ಆರಾಮಾಗಿ ಕೂರೋದು ನಾಲ್ವರು ದೊಡ್ಡವರು, ಒಂದು ಮಗು. ಓಣಿಯೊಳಗಿನ ಮನೆ, ಪೇಟೆಯ ಇಕ್ಕಟ್ಟಿನ ರಸ್ತೆ, ಅಂಗಡಿ ಮುಂದೆ ನಿಲ್ಲಿಸೋದು ಇವಕ್ಕೆಲ್ಲ ಇದೇ ಅನುಕೂಲ.

*4.3 ಮೀಟರ್ ಆಸುಪಾಸಿನವು:* ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್, ಹೋಂಡಾ ಎಲಿವೇಟ್. ಹಿಂದಿನ ಸೀಟಲ್ಲಿ ಮೂವರು ದೊಡ್ಡವರು ಹುಬ್ಬಳ್ಳಿ ತನಕ ಗೊಣಗದೆ ಕೂರಬಹುದು. ಡಿಕ್ಕಿಯೂ ದೊಡ್ಡದು. ನೆಕ್ಸಾನ್ ಪೆಟ್ರೋಲ್‌ ಡಿಕ್ಕಿ 382 ಲೀಟರ್ ಇದ್ದರೆ ಕ್ರೆಟಾದ್ದು 433 ಲೀಟರ್. ಐದು ಮಂದಿಯ ಮನೆ, ಆಗಾಗ ದೂರದ ಪ್ರಯಾಣ ಇದ್ದವರಿಗೆ ಈ ಗುಂಪು.

*ಮೂರು ಸಾಲಿನವು:* ಸ್ಕಾರ್ಪಿಯೋ-ಎನ್, ಟಾಟಾ ಸಫಾರಿ, ಹ್ಯುಂಡೈ ಅಲ್ಕಝಾರ್. ಇವುಗಳಲ್ಲಿ ಮೂರನೇ ಸಾಲಲ್ಲಿ ಜನ ಕೂತರೆ ಹಿಂದೆ ಬ್ಯಾಗಿಗೆ ಜಾಗ ಕಡಿಮೆ. ಸ್ಕಾರ್ಪಿಯೋ-ಎನ್‌ನಲ್ಲಂತೂ ಬಹಳ ಕಡಿಮೆ. ಏಳು ಮಂದಿ ಮತ್ತು ಏಳು ಮಂದಿಯ ಸಾಮಾನು ಎರಡೂ ಹೋಗಬೇಕು ಅಂದರೆ ಕ್ಯಾರಿಯರ್ ಬೇಕಾಗುತ್ತದೆ. ಎಸ್‌ಯುವಿಯೇ ಆಗಬೇಕು ಅನ್ನೋ ಹಟ ಇಲ್ಲದವರು ಎರ್ಟಿಗಾ, ಕಾರೆನ್ಸ್, ಇನ್ನೋವಾ ಕೂಡ ನೋಡಬೇಕು. ತಗ್ಗು ಗಾಡಿಯಾದ್ದರಿಂದ ವಯಸ್ಸಾದವರಿಗೆ ಹತ್ತೋದು ಸುಲಭ.

ಬೊಲೆರೊ ನಿಯೋ ಬೇರೆ ಥರ. ಉದ್ದ 4 ಮೀಟರ್ ಒಳಗೇ ಇದೆ, ಹಿಂದಿನ ಚಕ್ರಕ್ಕೆ ಎಳೆತ, ಹೊಲದ ದಾರಿಗೆ ಗಟ್ಟಿ ಆಳು. ಆದರೆ ಅದರ ಕೊನೆಯ ಎರಡು ಸೀಟು ಬದಿಗೆ ಮುಖ ಮಾಡಿವೆ. ಹೊಲಕ್ಕೆ ಆಳು ಕರ್ಕೊಂಡು ಹೋಗೋಕೆ ನಡೆಯುತ್ತದೆ. ಹೈವೇ ಮೇಲೆ ಮಕ್ಕಳನ್ನು ಅಲ್ಲಿ ಕೂರಿಸೋದು ಸರಿಯಲ್ಲ.

ಅಗಲವನ್ನೂ ನೋಡಬೇಕು. ಕ್ರೆಟಾ 1,790 ಮಿಲಿಮೀಟರ್ ಅಗಲ, ಸ್ಕಾರ್ಪಿಯೋ-ಎನ್ 1,917. ಕನ್ನಡಿ ಸೇರಿದರೆ ಇನ್ನೂ ಹೆಚ್ಚು. ಮನೆ ಗೇಟಿಗೆ, ಓಣಿ ತಿರುವಿಗೆ ಟೇಪು ಹಿಡಿದು ಅಳೆಯೋಕೆ ಐದು ನಿಮಿಷ ಸಾಕು.

ಪೆಟ್ರೋಲಾ, ಡೀಸೆಲ್ಲಾ?

‘ದೊಡ್ಡ ಗಾಡಿ ಅಂದ್ರ ಡೀಸೆಲ್ಲ’ ಅನ್ನೋ ಕಾಲ ಹೋಯಿತು. ಈಗ ಓಡಿಸುವ ಕಿಲೋಮೀಟರ್ ಮೇಲೆ ನಿಂತಿದೆ. ಲೆಕ್ಕಕ್ಕೆ ಪೆಟ್ರೋಲ್ ಲೀಟರಿಗೆ 100, ಡೀಸೆಲ್ 90 ರೂಪಾಯಿ ಅಂತ ಇಟ್ಟುಕೊಳ್ಳೋಣ. ಪೆಟ್ರೋಲ್ ಗಾಡಿ 14, ಡೀಸೆಲ್ ಗಾಡಿ 18 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಉಳಿಯೋದು ಸುಮಾರು 2 ರೂಪಾಯಿ 14 ಪೈಸೆ. ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರೋಕೆ 70 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ ಏಳು ವರ್ಷದ ಮೇಲಾಗುತ್ತದೆ. 2,000 ಕಿ.ಮೀ. ಓಡಿಸುವವರಿಗೆ ಮೂರು ವರ್ಷದೊಳಗೆ ಬರುತ್ತದೆ.

ಇನ್ನೊಂದು ವಿಷಯ. ಈಗಿನ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಎಪಿಎಂಸಿ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಾ ಇದ್ದರೆ ಆ ಮಸಿ ಸುಟ್ಟುಹೋಗುವಷ್ಟು ಬಿಸಿ ಆಗೋದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪೇಟೆಯೊಳಗೇ ಓಡುವ ಗಾಡಿಗೆ ಪೆಟ್ರೋಲ್ ವಾಸಿ.

ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್, ಅದರ ಜೋಡಿ ಗ್ರ್ಯಾಂಡ್ ವಿಟಾರಾ ಎರಡಕ್ಕೂ ಸ್ಟ್ರಾಂಗ್ ಹೈಬ್ರಿಡ್ ಇದೆ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಓಡಿಸುವಾಗ ಅಷ್ಟು ಬರದಿದ್ದರೂ ಪೇಟೆ ಓಡಾಟದಲ್ಲಿ ಸಾದಾ ಪೆಟ್ರೋಲಿಗಿಂತ ಚೆನ್ನಾಗಿ ಉಳಿಸುತ್ತದೆ. ಬ್ಯಾಟರಿ ಹಿಂದೆ ಕೂರುವುದರಿಂದ ಡಿಕ್ಕಿ ಚಿಕ್ಕದಾಗುತ್ತದೆ. ಸಿಎನ್‌ಜಿಯಲ್ಲೂ ಸಿಲಿಂಡರ್ ಡಿಕ್ಕಿ ತಿನ್ನುತ್ತದೆ. ನೆಕ್ಸಾನ್ ಸಿಎನ್‌ಜಿಯಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿ 321 ಲೀಟರ್ ಜಾಗ ಉಳಿಸಿದ್ದಾರೆ. ಸಿಎನ್‌ಜಿ ತಗೊಳ್ಳುವವರು ತಾವು ಓಡಾಡುವ ದಾರಿಯಲ್ಲಿ ಬಂಕ್ ಎಲ್ಲೆಲ್ಲಿ ಇದೆ ಅಂತ ಮೊದಲೇ ನೋಡಿಕೊಳ್ಳಬೇಕು.

ಬಾಗಿಲು ಬಡಿದು ನೋಡಿದರೆ ಗೊತ್ತಾಗೋದಿಲ್ಲ

ಬಾನೆಟ್ ಮೇಲೆ ಬೆರಳಿಂದ ಬಡಿದು ‘ತಗಡು ಗಟ್ಟಿ ಐತಿ’ ಅನ್ನೋದು ಪರೀಕ್ಷೆ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಓಡುವ ಮನೆಮಂದಿಗೆ ಕ್ರ್ಯಾಶ್ ಟೆಸ್ಟ್ ಫಲಿತಾಂಶವೇ ಮುಖ್ಯ. ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರಲ್ಲಿ ಮೊದಲು 5 ಸ್ಟಾರ್ ಪಡೆದದ್ದು ಟಾಟಾ ಹ್ಯಾರಿಯರ್ ಮತ್ತು ಸಫಾರಿ. ನೆಕ್ಸಾನ್, 3ಎಕ್ಸ್‌ಒ, ಕೈಲಾಕ್‌ಗೂ 5 ಸ್ಟಾರ್ ಇದೆ.

ಕಂಪನಿ ಹೆಸರು ನೋಡಿ ಸುರಕ್ಷತೆ ಊಹಿಸೋದು ತಪ್ಪು. ಒಂದೇ ಕಂಪನಿಯ ಎರಡು ಗಾಡಿ ನೋಡಿ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2022ರಲ್ಲಿ ಸ್ಕಾರ್ಪಿಯೋ-ಎನ್‌ಗೆ ದೊಡ್ಡವರ ಸುರಕ್ಷತೆಗೆ 5 ಸ್ಟಾರ್, ಮಕ್ಕಳಿಗೆ 3 ಸ್ಟಾರ್ ಬಂತು. 2024ರಲ್ಲಿ ಬೊಲೆರೊ ನಿಯೋಗೆ ಎರಡರಲ್ಲೂ 1 ಸ್ಟಾರ್. ದೊಡ್ಡವರ ಸ್ಟಾರ್ ಬೇರೆ, ಮಕ್ಕಳ ಸ್ಟಾರ್ ಬೇರೆ ಅನ್ನೋದೂ ಇದರಿಂದ ತಿಳಿಯುತ್ತದೆ. ಎರಡನ್ನೂ ಕೇಳಬೇಕು.

ವೇರಿಯಂಟ್ ಆರಿಸುವಾಗ ಮೊದಲು ನೋಡಬೇಕಾದ್ದು ಆರು ಏರ್‌ಬ್ಯಾಗ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ, ಹಿಂದಿನ ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್, ಮಗುವಿನ ಸೀಟು ಕೂರಿಸುವ ಐಸೋಫಿಕ್ಸ್ ಕೊಂಡಿ. ಇವೆಲ್ಲ ಸಿಕ್ಕಮೇಲೆ ಸನ್‌ರೂಫ್ ಮಾತು. ಸನ್‌ರೂಫ್ ಇದ್ದರೂ ಅದು ಮಕ್ಕಳು ತಲೆ ಹೊರಗೆ ಹಾಕಿ ನಿಲ್ಲೋಕೆ ಅಲ್ಲ.

ಎಕ್ಸ್-ಶೋರೂಂ ಬೆಲೆ ನಂಬಿ ಕೂರಬೇಡಿ

ಜಾಹೀರಾತಿನ ಬೆಲೆಗೂ ಕೈಯಿಂದ ಹೋಗುವ ದುಡ್ಡಿಗೂ ಬಹಳ ಅಂತರ. ಕಾರಣ ಎರಡು.

ಮೊದಲನೆಯದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದರ ಬದಲಾಗಿದೆ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ 1,500 ಸಿಸಿ ಮೀರದಿದ್ದರೆ 18 ಶೇಕಡ. ಅದಕ್ಕಿಂತ ದೊಡ್ಡದಕ್ಕೆ 40 ಶೇಕಡ. ನೆಕ್ಸಾನ್, ವೆನ್ಯೂ 18ರ ಸಾಲಿಗೆ ಬರುತ್ತವೆ. ಬ್ರೆಝಾ 4 ಮೀಟರ್ ಒಳಗಿದ್ದರೂ ಪೆಟ್ರೋಲ್ ಎಂಜಿನ್ 1,462 ಸಿಸಿ ಆದ್ದರಿಂದ 40ರ ಸಾಲಿಗೆ ಹೋಗುತ್ತದೆ. ಶೋರೂಂ ಬೆಲೆಯಲ್ಲಿ ಇದು ಸೇರಿರುತ್ತದೆ.

ಎರಡನೆಯದು ರಾಜ್ಯದ ಲೈಫ್ ಟ್ಯಾಕ್ಸ್. ಇದನ್ನು ಶೋರೂಂ ಬೆಲೆಯ ಮೇಲೆ ಕಟ್ಟಬೇಕು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5ರಿಂದ 10 ಲಕ್ಷದವರೆಗೆ 14 ಶೇಕಡ, 10ರಿಂದ 20 ಲಕ್ಷದವರೆಗೆ 17, ಅದರ ಮೇಲೆ 18. ಈ ತೆರಿಗೆಯ ಮೇಲೆ ಮತ್ತೆ 11 ಶೇಕಡ ಸೆಸ್.

ಇಲ್ಲೇ ಬಹಳ ಮಂದಿ ಮೋಸ ಹೋಗೋದು. 9.90 ಲಕ್ಷದ ಗಾಡಿಗೆ ತೆರಿಗೆ-ಸೆಸ್ ಸೇರಿ 1,53,846 ರೂಪಾಯಿ. ‘ಇನ್ನೊಂದ 60 ಸಾವಿರ ಹಾಕ್ರಿ ಸಾಹುಕಾರ್ರ, ಮ್ಯಾಲಿನ ಮಾಡೆಲ್ ಬರ್ತೈತಿ’ ಅಂತ ಸೇಲ್ಸ್‌ನವರು ಹೇಳಿ 10.50 ಲಕ್ಷದ್ದು ಆರಿಸಿದರೆ ತೆರಿಗೆ 1,98,135 ರೂಪಾಯಿಗೆ ಏರುತ್ತದೆ. 60 ಸಾವಿರ ಅಂದುಕೊಂಡದ್ದು ಒಂದು ಲಕ್ಷ ದಾಟಿತು. ಮೇಲಾಗಿ 10 ಲಕ್ಷ ಮೀರಿದ ಗಾಡಿಗೆ ಒಂದು ಶೇಕಡ ಟಿಸಿಎಸ್ ಹಿಡಿಯುತ್ತಾರೆ. ಅದನ್ನು ಐಟಿ ರಿಟರ್ನ್ ತುಂಬುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಆ ದಿನ ಕೈಯಿಂದ ಹೋಗೋದು ಹೋಗಿಯೇ ಹೋಗುತ್ತದೆ.

ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕು ಅನ್ನೋ ಕಡ್ಡಾಯ ಇಲ್ಲ. ಹೊರಗೆ ಎರಡು ಕಡೆ ರೇಟು ಕೇಳಿ, ಐಡಿವಿ ಮೊತ್ತ ಒಂದೇ ಇದೆಯಾ ಅಂತ ನೋಡಿ ಹೋಲಿಸಬೇಕು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಅಂಗಡಿಯವರಿಗೆ ನಾಲ್ಕು ಮಾತು

ಒಂದು, ‘ಅಂಗಡಿ ಹೆಸರಿಗೆ ಬಿಲ್ ಮಾಡಿಸಿದರೆ ಜಿಎಸ್‌ಟಿ ವಾಪಸ್ ಬರುತ್ತೆ’ ಅನ್ನೋದು ತಪ್ಪು ಕಲ್ಪನೆ. ಕಾರು ಮಾರುವವರು, ಟ್ಯಾಕ್ಸಿ ಓಡಿಸುವವರು, ಡ್ರೈವಿಂಗ್ ಸ್ಕೂಲಿನವರು ಇಂಥ ಕೆಲವರಿಗೆ ಬಿಟ್ಟರೆ ಪ್ರಯಾಣಿಕ ಕಾರಿನ ಜಿಎಸ್‌ಟಿ ಇನ್‌ಪುಟ್ ಸಿಗೋದಿಲ್ಲ. ವ್ಯಾಪಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯಲ್ಲಿ 15 ಶೇಕಡ ಸವಕಳಿ ತೋರಿಸಬಹುದು. ಮನೆ ಬಳಕೆಯ ಪಾಲು ಬಿಟ್ಟು ಎಷ್ಟು ತೋರಿಸಬೇಕು ಅನ್ನೋದನ್ನು ಲೆಕ್ಕಪತ್ರ ನೋಡುವವರ ಹತ್ತಿರ ಕೇಳಬೇಕು.

ಎರಡು, ಗಲ್ಲಾದ ನಗದು ತಗೊಂಡು ಹೋಗಿ ಕಾರು ತರುವ ಕಾಲ ಅಲ್ಲ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯೋದಕ್ಕೆ ಕಾನೂನು ಬಿಡೋದಿಲ್ಲ.

ಮೂರು, ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಟ್ಟರೆ, ಮಾಲು ಸಾಗಿಸೋ ಗಾಡಿ ಮಾಡಿಕೊಂಡರೆ ಅಪಘಾತದ ದಿನ ವಿಮೆ ಕಂಪನಿ ತಕರಾರು ತೆಗೆಯುತ್ತದೆ.

ನಾಲ್ಕು, ಸಾಲದ ಅವಧಿ. 10 ಲಕ್ಷಕ್ಕೆ 9 ಶೇಕಡ ಬಡ್ಡಿ ಅಂದರೆ ಐದು ವರ್ಷಕ್ಕೆ ಕಂತು ಸುಮಾರು 20,758 ರೂಪಾಯಿ, ಏಳು ವರ್ಷಕ್ಕೆ 16,089. ಕಂತು ಕಡಿಮೆ ಅನಿಸಿದರೂ ಏಳು ವರ್ಷದಲ್ಲಿ ಬಡ್ಡಿ ಒಂದು ಲಕ್ಷಕ್ಕೂ ಹೆಚ್ಚು ಜಾಸ್ತಿ ಹೋಗುತ್ತದೆ. ವ್ಯಾಪಾರ ಮಂದ ಇರುವ ತಿಂಗಳಲ್ಲೂ ಕಟ್ಟಬಲ್ಲ ಕಂತು ಎಷ್ಟು ಅಂತ ನೋಡಿ, ಅದರ ಮೇಲೆ ಗಾಡಿ ಆರಿಸಬೇಕು. ದೀಪಾವಳಿ ತಿಂಗಳ ಗಲ್ಲಾ ನೋಡಿ ಕಂತು ಗೊತ್ತು ಮಾಡಿದರೆ ಆಷಾಢದಲ್ಲಿ ಮಾಲಿನ ದುಡ್ಡಿಗೆ ಕೈ ಹಾಕಬೇಕಾಗುತ್ತದೆ.

ಟೆಸ್ಟ್ ಡ್ರೈವಿಗೆ ಅವ್ವನ್ನೂ ಕರ್ಕೊಂಡು ಹೋಗಿ

ಟೆಸ್ಟ್ ಡ್ರೈವ್ ಅಂದರೆ ಮಗ ಒಬ್ಬನೇ ಹೋಗಿ ಹೈವೇ ಮೇಲೆ ಸ್ಪೀಡ್ ನೋಡಿ ಬರೋದಲ್ಲ. ಮನೆಯ ಹಿರಿಯರು ಸೀರೆ ಉಟ್ಟುಕೊಂಡು ಹತ್ತಿ ಇಳಿಯಬೇಕು. ಸ್ಕಾರ್ಪಿಯೋ-ಎನ್‌ನಂಥ ಎತ್ತರದ ಗಾಡಿ ಮೊಣಕಾಲು ನೋವಿದ್ದವರಿಗೆ ದಿನಾ ಕಷ್ಟ. ಹಿಂದಿನ ಸೀಟಲ್ಲಿ ಮನೆಯವರೇ ಕೂತು, ಹಂಪು ಇರುವ ರಸ್ತೆಯಲ್ಲಿ ಎಸಿ ಹಾಕಿಕೊಂಡು ಹೋಗಿ ನೋಡಬೇಕು. ಕರಾವಳಿ ಕಡೆ ನೆಂಟಸ್ತನ ಇದ್ದವರು, ಶಿರಸಿ ದಾಟಿ ದೇವಿಮನೆ ಘಾಟ್ ಇಳಿಯುವವರು ತುಂಬಿದ ಗಾಡಿಯಲ್ಲಿ ಏರು ಹತ್ತಿಸಿ ನೋಡೋದು ಒಳ್ಳೆಯದು.

ಸರ್ವೀಸ್ ಸೆಂಟರ್ ಎಷ್ಟು ದೂರ ಅನ್ನೋದೂ ಬೆಲೆಯೇ. ಹಾವೇರಿ, ರಾಣೇಬೆನ್ನೂರಿನಲ್ಲೇ ಸರ್ವೀಸ್ ಸಿಗುವ ಗಾಡಿಗೂ ಪ್ರತಿ ಸಲ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಒಯ್ಯಬೇಕಾದ ಗಾಡಿಗೂ ವ್ಯತ್ಯಾಸ ಇದೆ. ಪ್ರತಿ ಸರ್ವೀಸಿಗೆ ಅಂಗಡಿ ಒಂದು ದಿನ ಬಂದ್ ಆದರೆ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬುಕಿಂಗ್ ಮೊದಲು ಕೇಳಬೇಕಾದ್ದು

- ಆನ್‌ರೋಡ್ ಬೆಲೆ ಬಿಡಿಬಿಡಿಯಾಗಿ ಬರಹದಲ್ಲಿ ಕೊಡ್ತೀರಾ? ಪ್ರತಿ ಸಾಲು ಯಾವುದಕ್ಕೆ?
- ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ?
- ಗಾಡಿ ತಯಾರಾದ ತಿಂಗಳು ಯಾವುದು? ಡಿಸೆಂಬರ್‌ನಲ್ಲಿ ತಯಾರಾದ ಗಾಡಿ ಜನವರಿಯಲ್ಲಿ ಮನೆಗೆ ಬಂದರೂ ಮಾರುವ ದಿನ ಒಂದು ವರ್ಷ ಹಳೆಯದೇ.
- ಈ ವೇರಿಯಂಟಿಗೆ ಏರ್‌ಬ್ಯಾಗ್ ಎಷ್ಟು, ಸ್ಟಾರ್ ಎಷ್ಟು?
- ಹಳೆ ಗಾಡಿಗೆ ಎಕ್ಸ್‌ಚೇಂಜ್‌ನಲ್ಲಿ ಕೊಡುವ ಬೆಲೆ ಎಷ್ಟು? ಹೊರಗೆ ಮಾರಿದರೆ ಎಷ್ಟು?
- ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ, ಫಾರಂ 35 ತಗೊಂಡು ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ತೆಗೆಸೋದು ಹೇಗೆ?

ಈ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಎರಡು ಅಥವಾ ಮೂರು ಗಾಡಿ ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಸರಿ ಅಂತ ಮನೆಯವರಿಗೇ ಗೊತ್ತಾಗುತ್ತದೆ. ಪಕ್ಕದ ಅಂಗಡಿಯವರು ಯಾವ ಗಾಡಿ ತಂದರು ಅನ್ನೋದಕ್ಕೆ ಆ ಹಾಳೆಯಲ್ಲಿ ಜಾಗ ಬೇಕಿಲ್ಲ. ಕಂತು ಕಟ್ಟುವವರು ಅವರಲ್ಲ.